ಜಿನ್ನಿನ ಸಂಬಳವೆಷ್ಟು?

ಮಾಂತ್ರಿಕ ಕಥೆಗಳೆಂದರೆ ಮಕ್ಕಳ ಮನರಂಜನೆ, ಅವುಗಳಲ್ಲಿ ಆಳು-ಒಡೆಯರ ಲೆಕ್ಕ ಹುಡುಕಬೇಡಿ ಎನ್ನುವ ಸಾಹಿತಿ ಮಿತ್ರರು ನಮಗಿದ್ದಾರೆ. ನಾವು ಒಪ್ಪುವುದಿಲ್ಲ. ಅಲಾದೀನನ ಕಥೆ ಕೇಳಿದ ಮಗು ದೀಪ ಉಜ್ಜುವ ಕನಸು ಕಾಣುತ್ತದೆ. ದೀಪದೊಳಗೆ ಇರುವ ಕನಸು ಯಾರಿಗೂ ಬೀಳುವುದಿಲ್ಲ. ಒಡೆತನದ ಮೊದಲ ಪಾಠ ಅಲ್ಲೇ ಮುಗಿದಿರುತ್ತದೆ.

ಆ ಕಥೆಯ ಕೊನೆಯ ಭಾಗವನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಅರಮನೆಯ ಗುಮ್ಮಟಕ್ಕೆ ರುಖ್ ಪಕ್ಷಿಯ ಮೊಟ್ಟೆ ತಂದು ತೂಗುಹಾಕೆಂದು ಅಲಾದೀನ್ ಅಪ್ಪಣೆ ಕೊಡುತ್ತಾನೆ. ಅದುವರೆಗೆ ಹೇಳಿದ್ದನ್ನೆಲ್ಲ ಮಾಡಿದ ಜಿನ್ ಅಂದು ಅರಮನೆ ನಡುಗುವಂತೆ ಅಬ್ಬರಿಸುತ್ತದೆ. (ಜಿನ್ನನ್ನು ನಾವು 'ಅದು' ಎನ್ನುವುದನ್ನೂ ಗಮನಿಸಿ.) ತನ್ನ ನಿಜವಾದ ಒಡೆಯನನ್ನೇ ನೇತುಹಾಕಲು ಹೇಳುತ್ತಿದ್ದಾನೆ ಎಂಬುದು ಅದರ ಸಿಟ್ಟು. ಅಂದರೆ ದೀಪ ಹಿಡಿದವನು ಒಡೆಯನೇ ಅಲ್ಲ!

ಇನ್ನೂ ಕಹಿಯಾದ ಸಂಗತಿ ಕಥೆಯ ಹೊರಗಿದೆ. 1709ರಲ್ಲಿ ಪ್ಯಾರಿಸ್ಸಿನಲ್ಲಿ ಈ ಕಥೆಯನ್ನು ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಾಲಾನ್‌ಗೆ ಹೇಳಿದವನು ಅಲೆಪ್ಪೊದ ಕ್ರೈಸ್ತ ಯುವಕ ಹನ್ನಾ ದಿಯಾಬ್. ಪೌಲ್ ಲುಕಾ ಎಂಬ ಯಾತ್ರಿಕನ ದುಭಾಷಿಯಾಗಿ, ರಾಜನ ಗ್ರಂಥಾಲಯದಲ್ಲಿ ನೌಕರಿ ಸಿಗುತ್ತದೆಂಬ ಮಾತು ನಂಬಿ ಬಂದವನು. ನೌಕರಿ ಸಿಗಲಿಲ್ಲ. ಗಾಲಾನ್ ತನ್ನ ದಿನಚರಿಯಲ್ಲಿ ಅವನ ಹೆಸರು ಬರೆದುಕೊಂಡ, ಅಚ್ಚಾದ ಪುಸ್ತಕದಲ್ಲಿ ಬರೆಯಲಿಲ್ಲ. ದಿಯಾಬ್ ಅಲೆಪ್ಪೊಗೆ ಮರಳಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ. ದೀಪದೊಳಗೆ ಇದ್ದವನು ಇವನೇ ಅಲ್ಲವೆ?

ಸೇವೆಯನ್ನು ಹೀಗಳೆಯುತ್ತೀರಾ ಎಂದು ಯಾರಾದರೂ ಕೇಳಬಹುದು. ಇಲ್ಲ. ಖಿದ್ಮತ್ ಬೇರೆ, ಗುಲಾಮಗಿರಿ ಬೇರೆ. ಟೋಲ್ಕಿನ್‌ನ 'ಲಾರ್ಡ್ ಆಫ್ ದ ರಿಂಗ್ಸ್'ನಲ್ಲಿ ತೋಟಗಾರ ಸ್ಯಾಮ್ ನಡೆಯಲಾರದ ತನ್ನ ಯಜಮಾನನನ್ನು ಬೆನ್ನ ಮೇಲೆ ಹೊರುತ್ತಾನೆ. ಲೋಕವನ್ನು ಆಳಿಸುವ ಉಂಗುರ ಅವನ ಕೈಗೂ ಬಂದಿತ್ತು. ತನಗೆ ಒಂದು ಚಿಕ್ಕ ತೋಟ ಸಾಕೆಂದು ಹಿಂದಿರುಗಿಸಿದ. ಇದು ಸೇವೆ. ಉರ್ದು ಓದಿ ಬೆಳೆದ ನಮಗೆ ಇನ್ನೂ ಹತ್ತಿರದವನು ಲಖನೌದ ನವಲ್ ಕಿಶೋರ್ ಮುದ್ರಣಾಲಯ 46 ಸಂಪುಟಗಳಲ್ಲಿ ಅಚ್ಚು ಹಾಕಿದ ಅಮೀರ್ ಹಮ್ಜಾ ದಾಸ್ತಾನಿನ ಅಮರ್ ಅಯ್ಯಾರ್. ಹಮ್ಜಾನಿಗಾಗಿ ಪ್ರಾಣ ಪಣಕ್ಕಿಡುತ್ತಾನೆ, ಆದರೆ ಕೂಲಿಯ ಮಾತು ಬಿಡುವುದಿಲ್ಲ. ಅವನನ್ನು ದುರಾಸೆಯವನೆಂದು ನಕ್ಕೆವು. ಕೂಲಿ ಕೇಳಿದ ಆಳು ನಮಗೆ ಯಾವಾಗಲೂ ನಗೆಪಾಟಲು.

ಹ್ಯಾರಿ ಪಾಟರ್‌ನಲ್ಲೂ ಇದೇ ನಗೆ. 2000ದ ನಾಲ್ಕನೆಯ ಪುಸ್ತಕದಲ್ಲಿ ಮನೆಯಾಳುಗಳ ಬಿಡುಗಡೆಗೆ ಸಂಘ ಕಟ್ಟುವ ಹುಡುಗಿಯನ್ನು ಗೆಳೆಯರೇ ಗೇಲಿ ಮಾಡುತ್ತಾರೆ. ಬಿಡುಗಡೆಗೊಂಡ ಡಾಬಿಗೆ ವಾರಕ್ಕೆ 10 ನಾಣ್ಯ ಕೊಡುತ್ತೇವೆಂದರೆ, ಅವನೇ ಚೌಕಾಸಿ ಮಾಡಿ 1ಕ್ಕೆ ಇಳಿಸಿಕೊಳ್ಳುತ್ತಾನೆ! ಕೆಲಸದವರೇ ಕಡಿಮೆ ಸಂಬಳ ಬೇಡುತ್ತಾರೆಂಬ ಕಥೆ ಯಾರಿಗೆ ಹಿತ? 2007ರ ಕೊನೆಯ ಪುಸ್ತಕದಲ್ಲಿ ಯುದ್ಧ ಗೆದ್ದು ದಣಿದ ಹ್ಯಾರಿ, ವಾರಸಿನಲ್ಲಿ ಬಂದ ಆಳು ಒಂದು ಸ್ಯಾಂಡ್‌ವಿಚ್ ತಂದುಕೊಟ್ಟಾನೇ ಎಂದು ಯೋಚಿಸುತ್ತಾನೆ. ದುಷ್ಟ ಸತ್ತ, ಅಡುಗೆಮನೆ ಹಾಗೆಯೇ ಉಳಿಯಿತು.

ಪರರನ್ನು ಬೈದದ್ದಾಯಿತು. ಮೊನ್ನೆ ನಮ್ಮದೇ ಹಳೆಯ ಕಥಾಸಂಕಲನ ತಿರುವಿದೆವು. ಹನ್ನೊಂದು ಕಥೆಗಳ ಪೈಕಿ ಏಳರಲ್ಲಿ ಕೆಲಸದವಳು ಬಂದು ಚಹಾ ಇಟ್ಟು ಹೋಗುತ್ತಾಳೆ. ಒಬ್ಬಳಿಗೂ ಹೆಸರಿಲ್ಲ.