ಹಳ್ಳಿಯನ್ನು ‘ಹಳಿ’ ಮಾಡುವ ವೆಬ್ ಪುಟಗಳು

ಮೊಬೈಲಿನಲ್ಲಿ ಕನ್ನಡದ ಪುಟ ತೆರೆದಾಗ ಬಟನ್ ಮೇಲಿನ ಅಕ್ಷರಗಳ ಕಾಲು ಕತ್ತರಿಸಿ ಹೋಗಿರುವುದನ್ನು ನೀವೂ ನೋಡಿರುತ್ತೀರಿ. ಒತ್ತು ಮಾಯವಾಗಿ ‘ಹಳ್ಳಿ’ ‘ಹಳಿ’ಯಾಗುತ್ತದೆ. ‘ಕತ್ತೆ’ ‘ಕತೆ’ಯಾಗುತ್ತದೆ. ನಗು ಬರುತ್ತದೆ, ನಿಜ. ಆದರೆ ಅದು ವೃದ್ಧಾಪ್ಯ ವೇತನದ ಅರ್ಜಿಯಾಗಿದ್ದರೆ? ‘ಅರ್ಜಿ ಸಲ್ಲಿಸಿ’ ಎಂಬ ಬಟನ್ನೇ ಪರದೆಯಾಚೆ ಸರಿದಿದ್ದರೆ? ಅಜ್ಜಿ ಪೇಟೆಯ ಸೈಬರ್ ಅಂಗಡಿಗೆ ಬಸ್ ಹತ್ತಬೇಕು.

ಕೇಳಿದರೆ ಎರಡು ಉತ್ತರ ಸಿಗುತ್ತವೆ. ಕನ್ನಡ ಲಿಪಿ ಕಷ್ಟ ಅನ್ನುವುದು ಒಂದು, ನಿಮ್ಮ ಫೋನ್ ಅಗ್ಗದ್ದು ಅನ್ನುವುದು ಇನ್ನೊಂದು. ಎರಡೂ ನೆಪ.

ಅಕ್ಷರ ಎಷ್ಟು ದೊಡ್ಡದಿರಬೇಕು, ಸಾಲುಗಳ ನಡುವೆ ಎಷ್ಟು ಜಾಗ, ಯಾವ ಡಬ್ಬಿ ಎಲ್ಲಿ ಕೂರಬೇಕು ಎಂದು ಬ್ರೌಸರಿಗೆ ಹೇಳುವ ಭಾಷೆ ಸಿಎಸ್‌ಎಸ್. ಹೋಕೋನ್ ವಿಯಮ್ ಲೀ 1994ರಲ್ಲಿ ಅದನ್ನು ಮುಂದಿಟ್ಟಾಗಲೇ ಪುಟ ಹೇಗೆ ಕಾಣಬೇಕು ಎಂಬುದರಲ್ಲಿ ಓದುವವರಿಗೂ ಪಾಲು ಕೊಟ್ಟಿದ್ದರು. ನಮ್ಮಲ್ಲಿ ಆ ಪಾಲನ್ನು ಕಿತ್ತುಕೊಂಡಿದ್ದಾರೆ.

ಹೇಗೆ ಅಂತೀರಾ? ಪುಟವನ್ನು ಮೊದಲು ಇಂಗ್ಲಿಷಿಗೆ ಅಳೆದು ಹೊಲಿಯುತ್ತಾರೆ, ಆಮೇಲೆ ಅದೇ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಇಳಿಯುವುದು ಸಣ್ಣದೊಂದು ಬಾಲ. ಕನ್ನಡದಲ್ಲಿ ಇಡೀ ಒತ್ತಕ್ಷರವೇ ಕೆಳಗೆ ಕೂರುತ್ತದೆ. ಬಟನ್ನಿನ ಎತ್ತರವನ್ನು ‘ಹೈಟ್’ ಎಂದು ಬಿಗಿದು, ಹೊರಗೆ ಚಾಚಿದ್ದನ್ನು ಮುಚ್ಚಿಬಿಡು ಎಂದು ಇನ್ನೊಂದು ಆಜ್ಞೆ ಕೊಟ್ಟರೆ ಕತ್ತರಿ ಬೀಳುವುದು ಒತ್ತಿಗೇ. ‘ಹೈಟ್’ ಬದಲು ‘ಮಿನ್-ಹೈಟ್’ ಎಂದು ಬರೆದರೆ ಡಬ್ಬಿ ತಾನೇ ಬೆಳೆಯುತ್ತದೆ. ಕನ್ನಡಕ್ಕೆ ಮಾತ್ರ ಸಾಲಿನ ಅಂತರವನ್ನು 1.6ರಷ್ಟು ಇಡು ಎನ್ನಲು ‘ಲ್ಯಾಂಗ್’ ಎಂಬ ಗುರುತಿದೆ. ಬರೆಯಲು ಎರಡು ನಿಮಿಷ ಸಾಕು.

ಬಟನ್‌ಗಳು ಪರದೆಯಾಚೆ ಓಡುವುದಕ್ಕೂ ಮದ್ದಿದೆ. ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಇಳಿ ಎಂದು ‘ಫ್ಲೆಕ್ಸ್’ಗೆ ಹೇಳಬಹುದು. ‘ಗ್ರಿಡ್’ 2017ರಿಂದಲೇ ಮುಖ್ಯ ಬ್ರೌಸರುಗಳಲ್ಲಿದೆ. ಪರದೆಯನ್ನಲ್ಲ, ತಾನು ಕೂತ ಡಬ್ಬಿಯನ್ನೇ ಅಳೆದುಕೊಂಡು ರೂಪ ಬದಲಿಸುವ ‘ಕಂಟೇನರ್ ಕ್ವೆರಿ’ 2023ರಿಂದ ಎಲ್ಲ ದೊಡ್ಡ ಬ್ರೌಸರುಗಳಲ್ಲೂ ಸಿಗುತ್ತದೆ. ಇದಕ್ಕೆಲ್ಲ ಕಾಸು ಕೊಡಬೇಕಿಲ್ಲ. ಆದರೆ ಹೊಸ ಸಿಎಸ್‌ಎಸ್ ಅಂದಕೂಡಲೇ ನಮ್ಮವರಿಗೆ ನೆನಪಾಗುವುದು ಜಾರುವ ಪಟ, ಕುಣಿಯುವ ಬ್ಯಾನರ್. ಕುಣಿತ ಆಮೇಲೆ ನೋಡೋಣ ಸ್ವಾಮಿ, ಮೊದಲು ಒತ್ತಕ್ಷರ ಕಾಣಲಿ.

ಇನ್ನು ಕೆಲವರದು ಬೇರೆಯೇ ಉಪಾಯ. ಅಕ್ಷರ ಕೆಡುತ್ತದೆಂದು ಇಡೀ ಪ್ರಕಟಣೆಯನ್ನು ಫೋಟೊ ಮಾಡಿ ಅಂಟಿಸುತ್ತಾರೆ. ಅದನ್ನು ಹುಡುಕಲಾಗದು, ನಕಲು ಮಾಡಲಾಗದು. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವ ಭರವಸೆಯೂ ಇಲ್ಲ. ಬೆರಳಿಂದ ಹಿಗ್ಗಿಸಿ ನೋಡೋಣ ಅಂದರೆ ಅದಕ್ಕೂ ಕೆಲವರು ಬೀಗ ಹಾಕಿರುತ್ತಾರೆ! ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟ ಕೆಡಬಾರದು ಎಂಬುದು ಜಗತ್ತಿನ ವೆಬ್ ಮಾನದಂಡದಲ್ಲೇ ಇದೆ. ಅದೇನು ನಮ್ಮ ಕೊಸರಾಟವಲ್ಲ.

ಪುಟ ಮಾಡುವವರಿಗೆ ಒಂದೇ ಸವಾಲು. ಒಪ್ಪಿಸುವ ಮುನ್ನ ಅದನ್ನು ಊರಿನ ಯಾರದ್ದಾದರೂ ಹಳೇ ಫೋನಿನಲ್ಲಿ, ಅಕ್ಷರ ದೊಡ್ಡದು ಮಾಡಿ ತೆರೆಯಿರಿ. ‘ಅರ್ಜಿ ಸಲ್ಲಿಸಿ’ಯ ಒತ್ತುಗಳು ಪೂರ್ತಿ ಕಾಣುವವರೆಗೆ ಬಿಲ್ ಕಳಿಸಬೇಡಿ.