ಸರ್ಕಾರ ಪಕ್ಕಕ್ಕೆ ಸರಿದರೆ ಆ ಜಾಗದಲ್ಲಿ ಕೂರೋರು ಯಾರು?

ಹಾಸ್ಟೆಲ್ಲಿನ ಗೆಳೆಯರೇ,

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತೆ: ಸರ್ಕಾರ ಎಲ್ಲದಕ್ಕೂ ಕೈ ಹಾಕಬಾರದು, ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು. ಕೇಳೋಕೆ ಚೆಂದ. ನಮಗೂ ಸರ್ಕಾರದ ಮೇಲೆ ಮೋಹವೇನಿಲ್ಲ. ಸ್ಕಾಲರ್‌ಶಿಪ್ಪಿಗಾಗಿ ಗುಮಾಸ್ತನ ಮೇಜಿನ ಮುಂದೆ ಕಾದು ನಿಂತವರು ನಾವು. ಲಾಠಿಯ ರುಚಿ ನಮ್ಮ ಕೇರಿಗೆ ಚೆನ್ನಾಗಿ ಗೊತ್ತು. ಆದರೂ ಕೇಳುತ್ತೇವೆ: ಸರ್ಕಾರ ಎದ್ದು ಹೋದ ಜಾಗದಲ್ಲಿ ಬಂದು ಕೂರೋರು ಯಾರು?

ಚರಿತ್ರೆ ಉತ್ತರ ಹೇಳುತ್ತೆ. 1959ರಲ್ಲಿ ಸ್ವತಂತ್ರ ಪಕ್ಷ ಹುಟ್ಟಿತು. ರಾಜಾಜಿ, ಮಿನೂ ಮಸಾನಿ, ಎನ್.ಜಿ. ರಂಗಾ ಅದರ ಮುಂದಾಳುಗಳು. ಲೈಸೆನ್ಸು ಪರ್ಮಿಟ್ಟುಗಳ ಆಳ್ವಿಕೆ ಬೇಡ, ಸಹಕಾರಿ ಬೇಸಾಯ ಬೇಡ, ಆಸ್ತಿಯ ತಂಟೆಗೆ ಬರಬೇಡಿ ಅಂದರು. ಆ ಸ್ವಾತಂತ್ರ್ಯದ ಬಾವುಟದ ಕೆಳಗೆ ಓಡಿಬಂದು ನಿಂತವರು ಯಾರು? ಜೈಪುರದ ಮಹಾರಾಣಿ, ರಾಮಗಢದ ರಾಜ, ಒರಿಸ್ಸಾದ ಮಾಜಿ ಸಂಸ್ಥಾನಿಕರು! 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದರು. ಜೀತದಾಳಿಗೆ ಬಿಡುಗಡೆ ಸಿಗಲಿ ಅಂತ ಅರಮನೆಯವರು ಬೀದಿಗೆ ಬಂದರೇ?

ಇದೇ ರಾಜಾಜಿ 1953ರಲ್ಲಿ ಮದರಾಸಿನ ಮುಖ್ಯಮಂತ್ರಿ. ಹಳ್ಳಿ ಮಕ್ಕಳಿಗೆ ಪಾಠದ ಹೊತ್ತು ಕಮ್ಮಿ ಮಾಡಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಅಂದರು. ಪೆರಿಯಾರ್ ಸಿಡಿದೆದ್ದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜರ ಸರ್ಕಾರ ಆ ಯೋಜನೆಯನ್ನೇ ಕಿತ್ತು ಹಾಕಿತು. ಲೆಕ್ಕ ನೋಡಿ: ಬಂಡವಾಳಕ್ಕೆ ಸರ್ಕಾರ ಬೇಡ, ಕುಲಕಸುಬು ಉಳಿಸೋಕೆ ಮಾತ್ರ ಸರ್ಕಾರ ಬೇಕು!

ಇದು ಇಲ್ಲಿಯ ರೋಗ ಮಾತ್ರವಲ್ಲ. 1964ರಲ್ಲಿ ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಹೋಟೆಲುಗಳು ಕಪ್ಪು ಜನರನ್ನು ಹೊರಗಿಡಬಾರದು ಎಂದಿತು. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ವಿರುದ್ಧ ಮತ ಹಾಕಿದ. ವರ್ಣಭೇದ ತನಗೆ ಒಪ್ಪಿಗೆಯಿಲ್ಲ, ಆದರೆ ಖಾಸಗಿ ವ್ಯವಹಾರಕ್ಕೆ ಸರ್ಕಾರ ತಲೆ ಹಾಕಬಾರದು ಎಂಬುದು ಅವನ ವಾದ. ಅದೇ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತ. ಗೆದ್ದದ್ದು ತವರು ಅರಿಜೋನಾ, ಮತ್ತೆ ವರ್ಣಭೇದದ ಕೋಟೆಗಳಾಗಿದ್ದ ದಕ್ಷಿಣದ ಐದು ರಾಜ್ಯಗಳು. ಅವನ ಮನಸ್ಸು ಶುದ್ಧವೇ ಇರಬಹುದು. ಓಟುಗಳಿಗೆ ಮಾತ್ರ ವಿಳಾಸ ಸರಿಯಾಗಿ ಗೊತ್ತಿತ್ತು.

ಆ ವಾದವನ್ನು ನಮ್ಮೂರ ಹೋಟೆಲಿಗೆ ತನ್ನಿ. ನಮಗೆಂದು ಬೇರೆ ಇಟ್ಟ ಲೋಟವೂ ಮಾಲೀಕನ ಖಾಸಗಿ ಲೋಟವೇ! ಬಾವಿ ಅವನದು, ಜಗಲಿ ಅವನದು, ಕೂಲಿ ಕೊಡುವ ಕೈಯೂ ಅವನದೇ. ಸಂವಿಧಾನದ 15ನೇ ವಿಧಿ, 17ನೇ ವಿಧಿ ಅಲ್ಲಿಗೆ ಕಾಲಿಡದಿದ್ದರೆ ನಮ್ಮ ಸ್ವಾತಂತ್ರ್ಯ ಊರಬಾಗಿಲಲ್ಲೇ ನಿಲ್ಲುತ್ತೆ.

ಸ್ವಾತಂತ್ರ್ಯವಾದಿ, ಸಂಪ್ರದಾಯವಾದಿ ಇಬ್ಬರೂ ಒಂದೇ ಅಂತ ನಾವು ಹೇಳೋದಿಲ್ಲ. ಒಬ್ಬನಿಗೆ ಮಾರುಕಟ್ಟೆ ದೇವರು, ಇನ್ನೊಬ್ಬನಿಗೆ ಕುಲಾಚಾರ. ಆದರೆ ಕಾನೂನು ಊರೊಳಗೆ ಬರುವಾಗ ಇಬ್ಬರೂ ಒಂದೇ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಸರ್ಕಾರ ಹಿಂದೆ ಸರಿದರೆ ಉಳ್ಳವನೇ ಇಲ್ಲದವನ ಮೇಲೆ ಸರ್ಕಾರವಾಗುತ್ತಾನೆಂದು ಬಾಬಾಸಾಹೇಬರು 1947ರಲ್ಲೇ ಎಚ್ಚರಿಸಿದ್ದರು.

ನಮಗೂ ಸ್ವಾತಂತ್ರ್ಯ ಬೇಕು, ಗೌಡನ ಮುಂದೆ ನಿಂತು 'ಆಗಲ್ಲ' ಅನ್ನುವ ಸ್ವಾತಂತ್ರ್ಯ. ಅದಕ್ಕೆ ಕಾಲ ಕೆಳಗೆ ನೆಲ ಬೇಕು, ಕೈಯಲ್ಲಿ ಅಕ್ಷರ ಬೇಕು, ಬೆನ್ನಿಗೆ ಕಾನೂನು ಬೇಕು.

ಮುಂದಿನ ಸಲ ಚರ್ಚೆಯಲ್ಲಿ ಯಾರಾದರೂ ಸ್ವಾತಂತ್ರ್ಯ ಅಂದರೆ ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು ಕೇಳಿ: ಯಾರಿಗೆ ಸ್ವಾಮಿ?

ಜೈ ಭೀಮ್!