ಬಲಿಯದ ಕಾಯಿ ಹಣ್ಣಾಗದು

ಮಾವಿನ ಸುಗ್ಗಿ ಬಂತೆಂದರೆ ಕಾರ್ಬೈಡ್ ಹಾಕುವ ವ್ಯಾಪಾರಿಗಳನ್ನು ಬೈಯುವುದು ರೂಢಿ. ಬೈಯಲಿ, ತಪ್ಪಿಲ್ಲ. ಆದರೆ ಕಾರ್ಬೈಡ್‌ಗೆ ದಾರಿ ಮಾಡಿಕೊಡುವುದು ಎಳೆ ಕಾಯಿ. ಅದು ಇಳಿಯುವುದು ನಮ್ಮ ತೋಟದಿಂದಲೇ. ಈ ಮಾತನ್ನು ರೈತರಾದ ನಾವೇ ಆಡಿಕೊಳ್ಳಬೇಕು.

ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಎಲೆ ತಯಾರಿಸಿದ ಸಕ್ಕರೆ ತೊಟ್ಟಿನ ಮೂಲಕ ಕಾಯಿಗೆ ಬಂದು ಪಿಷ್ಟವಾಗಿ ಕೂಡಿಕೊಳ್ಳುತ್ತದೆ. ಇದು ಬಲಿಯುವ ಕೆಲಸ, ಮರದ ಮೇಲೆಯೇ ಆಗಬೇಕು. ಬಲಿತ ಕಾಯಿ ಕಿತ್ತ ಮೇಲೆ ತಾನೇ ಎಥಿಲೀನ್ ಎಂಬ ಅನಿಲ ಹುಟ್ಟಿಸುತ್ತದೆ. ಆಗ ಕಾಯಿಯ ಉಸಿರಾಟ ಜೋರಾಗುತ್ತದೆ. ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಏಳುತ್ತದೆ. ಮೊದಲು ಕೂಡಿಟ್ಟದ್ದೇ ಇಲ್ಲದಿದ್ದರೆ ಸಿಹಿ ಎಲ್ಲಿಂದ ಬರಬೇಕು?

ಕಾರ್ಬೈಡ್‌ಗೆ ತೇವ ತಾಗಿದಾಗ ಹೊರಡುವ ಅಸಿಟಿಲೀನ್, ಎಥಿಲೀನ್‌ನ ವೇಷ ಹಾಕುತ್ತದೆ ಅಷ್ಟೆ. ಸಿಪ್ಪೆ ಹಳದಿಯಾದೀತು, ಎಳೆ ಕಾಯಿಯ ಒಳಗಿನ ಹುಳಿ ಹಾಗೇ ಉಳಿದೀತು. ಜೊತೆಗೆ ಅದರಲ್ಲಿ ಆರ್ಸೆನಿಕ್, ರಂಜಕದ ಕಲಬೆರಕೆ ಇರಬಹುದು. 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಇದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲವನ್ನು ಹತ್ತು ಲಕ್ಷಕ್ಕೆ 100 ಭಾಗದವರೆಗೆ ಬಳಸಲು 2016ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಎಳೆ ಕಾಯಿಗೆ ಎಥಿಲೀನೂ ರುಚಿ ಕೊಡಲಾರದು.

ಬಾಳೆ, ಪಪ್ಪಾಯಿಗಳೂ ಮಾವಿನಂತೆ ಕಿತ್ತ ಮೇಲೆ ಹಣ್ಣಾಗುವ ಜಾತಿ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಹಾಗಲ್ಲ. ಗಿಡದಿಂದ ಬಿಡಿಸಿದ ದಿನ ಎಷ್ಟು ಸಿಹಿಯೋ ಅಷ್ಟೇ. ದರ ಏರಿತೆಂದು ಅವಸರಕ್ಕೆ ಕೊಯ್ದರೆ ತಿದ್ದುವ ದಾರಿಯೇ ಇಲ್ಲ.

ಹೂವಿನಲ್ಲೇ ತೋಟ ಗುತ್ತಿಗೆ ಕೊಡುವುದು ಯಾಕೆಂದು ನನಗೂ ಗೊತ್ತು. ಮುಂಗಡ ದುಡ್ಡು ಕೈಗೆ ಬರ್ತದ, ಗಾಳಿ-ಮಳಿ ಚಿಂತಿ ಇರಂಗಿಲ್ಲ. ಆದರೆ ಗುತ್ತಿಗೆದಾರನಿಗೆ ಮೊದಲ ಮಾರುಕಟ್ಟೆಯ ದರ ಬೇಕು. ಒಂದೇ ಮರದ ಕಾಯಿಗಳು ಒಂದೇ ದಿನ ಬಲಿಯುವುದಿಲ್ಲ, ಅವನು ಮಾತ್ರ ಒಂದೇ ದಿನ ಮರ ಬೋಳಿಸುತ್ತಾನೆ. ಕೇಸರ್ ತಳಿ ಗುಜರಾತಿನ ಜುನಾಗಢದ್ದಾದರೂ ಇಂದು ಜನ ಕೊಪ್ಪಳದ ಕೇಸರ್ ಅಂತ ಹೆಸರು ಹಿಡಿದು ಕೇಳುತ್ತಾರೆ. ಒಮ್ಮೆ ಹುಳಿ ತಿಂದವರು ಮರುವರ್ಷ ಗುತ್ತಿಗೆದಾರನ ಹೆಸರು ಹೇಳುವುದಿಲ್ಲ, ನಮ್ಮ ಊರಿನ ಹೆಸರು ಹೇಳುತ್ತಾರೆ.

ಗುತ್ತಿಗೆ ಬಿಡಲಾಗದಿದ್ದರೆ ಒಂದು ಷರತ್ತಾದರೂ ಹಾಕೋಣ: ಎರಡು-ಮೂರು ಸಲ ಆಯ್ದು ಕೀಳಬೇಕು, ಬಲಿತದ್ದನ್ನಷ್ಟೇ. ಗುರುತು ಕಷ್ಟವಲ್ಲ. ಬಲಿತ ಕಾಯಿಯ ಭುಜ ತೊಟ್ಟಿಗಿಂತ ಮೇಲೇಳುತ್ತದೆ. ಬಕೆಟ್ ನೀರಿಗೆ ಹಾಕಿದರೆ ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಸೊನೆ ಸಿಪ್ಪೆಗೆ ಹತ್ತದಂತೆ ತುಸು ತೊಟ್ಟು ಬಿಟ್ಟು ಕೊಯ್ಯಬೇಕು.

ಇನ್ನು ಹತ್ತು ಮರವನ್ನಾದರೂ ಗುತ್ತಿಗೆಗೆ ಕೊಡದೆ ಉಳಿಸಿಕೊಂಡು ನಾವೇ ಹಣ್ಣು ಮಾಡಿ ಮಾರೋಣ. ಗಂಗಾವತಿಯಲ್ಲಿ ಭತ್ತದ ಹುಲ್ಲಿಗೆ ಬರವೇ? ಹಿರಿಯರು ಹುಲ್ಲಿನಲ್ಲಿ ಅಡೆ ಹಾಕಿದಾಗ ಮೊದಲು ಹಣ್ಣಾದ ಕಾಯಿಯ ಎಥಿಲೀನ್ ಉಳಿದವನ್ನೂ ಎಬ್ಬಿಸುತ್ತಿತ್ತು. ಅಡೆ ತಂಪಾದ, ಗಾಳಿಯಾಡುವ ಕೋಣೆಯಲ್ಲಿರಲಿ. ಮೇ ತಿಂಗಳ ತಗಡಿನ ಶೆಡ್ ಬೇಡ. ವಿಪರೀತ ಸೆಕೆಯಲ್ಲಿ ಕಾಯಿ ಸರಿಯಾಗಿ ಹಣ್ಣಾಗದೆ ಕೆಡುತ್ತದೆ. ನಾಲ್ಕಾರು ಊರಿನವರು ಕೂಡಿದರೆ ಎಥಿಲೀನ್ ಕೋಣೆಯನ್ನೂ ಕಟ್ಟಬಹುದು. ಕೊಪ್ಪಳದಲ್ಲಿ ತೋಟಗಾರಿಕೆ ಇಲಾಖೆ ನಡೆಸಿದ ಮಾವು ಮೇಳಗಳಲ್ಲಿ ರೈತರು ತಿನ್ನುವವರ ಕೈಗೇ ಹಣ್ಣು ಮಾರಿದ್ದಾರೆ.

ಕಾರ್ಬೈಡ್ ತಡೆಯಲು ಅಧಿಕಾರಿಗಳು ಅಂಗಡಿಗೆ ಹೋಗಲಿ. ಅದಕ್ಕೂ ಮೊದಲು ನಾವು ಬಕೆಟ್ ನೀರು ಹಿಡಿದು ತೋಟಕ್ಕೆ ಹೋಗಬೇಕು.